ಹಾಸ್ಟೆಲ್ ಮಕ್ಕಳಿಗೆ ಸೂಜಿಯ ಸುದ್ದಿ ಹೇಳುವ ಮಾಬವ್ವ

ಶಿಗ್ಗಾವಿಯ ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಎಲ್ಲರಿಗಿಂತ ಮೊದಲು ಎಚ್ಚರಾಗುವುದು ಅಡುಗೆಮನೆ. ಬಂಕಾಪುರದಿಂದ ಮೊದಲ ಬಸ್ಸಿಗೆ ಬಂದಿಳಿದ ಮಾಬೂಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದೊಡ್ಡ ಒಲೆ ಹೊತ್ತಿಸಿ, ಬುಟ್ಟಿಯಷ್ಟು ಉಳ್ಳಾಗಡ್ಡಿ ಹೆಚ್ಚಿ ಮುಗಿಸುವ ಹೊತ್ತಿಗೆ ಹೊರಗೆ ಇನ್ನೂ ನಸುಗತ್ತಲೆ. ರವೆ ಹುರಿದ ಘಮ ಮೆಟ್ಟಿಲೇರಿ ಮೇಲಿನ ಕೋಣೆಗಳಿಗೆ ಹೋಗುತ್ತದೆ. ಆಮೇಲೆ ನಲ್ಲಿಯ ಹತ್ತಿರ ಬಕೆಟ್ಟುಗಳ ಸದ್ದು, ಕನ್ನಡಿಗಾಗಿ ಜಗಳ, ಯಾರದೋ ಬಾಯಿಪಾಠ. ಗಂಟೆ ಬಾರಿಸಿದ್ದೇ ತಾಟು ಹಿಡಿದ ಹುಡುಗಿಯರ ಸಾಲು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಮಾಬೂಬಿಯವರ ಕೈ ಉಪ್ಪಿಟ್ಟು ಬಡಿಸುತ್ತದೆ. ಕಣ್ಣು ಮಾತ್ರ ತಾಟಿನ ಮೇಲಿರುವುದಿಲ್ಲ, ತಾಟು ಹಿಡಿದವಳ ಮುಖದ ಮೇಲಿರುತ್ತದೆ.

"ಯಾಕವಾ, ಮಾರಿ ಸಪ್ಪಗ ಐತೆಲ್ಲ?"

"ತಲಿ ನೋಯಾಕತ್ತೈತಿ ಮಾಬವ್ವ. ನಿನ್ನೆ ನಿದ್ದಿಗೆಟ್ಟು ಓದೇನಿ."

"ಎಲ್ಲಿ, ಗದ್ದ ಎದಿಗೆ ಹಚ್ಚು."

ಹುಡುಗಿ ನಗುತ್ತ ಗದ್ದವನ್ನು ಎದೆಗೆ ತಾಗಿಸುತ್ತಾಳೆ. ಹಿಂದಿನವರೂ ಬೇಕಂತಲೇ ತಲೆ ಬಗ್ಗಿಸಿ, ಮದುವೆ ಹೆಣ್ಣಿನಂತೆ ನಾಚಿದವರ ಹಾಗೆ ನಟಿಸುತ್ತಾರೆ. ಸಾಲಿಗೆ ಸಾಲೇ ಕಿಲಕಿಲ ಅನ್ನುತ್ತದೆ. ಮಾಬೂಬಿ ನಗುವುದಿಲ್ಲ, ಸಿಟ್ಟಾಗುವುದೂ ಇಲ್ಲ. ಹಣೆ ಮುಟ್ಟಿ ನೋಡಿ, ಆ ಹುಡುಗಿಗೆ ಇನ್ನೊಂದು ಸೌಟು ಹೆಚ್ಚಿಗೆ ಹಾಕುತ್ತಾರೆ. "ಉಂಡು ಒಂದ್ ತಾಸ ಮಲಕೋ. ಜ್ವರ ಬಂದ್ರ ನನಗ ಹೇಳು. ಗೆಳತ್ಯಾರಿಗೆ ಹೇಳಿ ಸುಮ್ನ ಬೀಳಬ್ಯಾಡ."

ಜ್ವರ, ತಲೆನೋವಿನ ಜೊತೆ ಕುತ್ತಿಗೆ ಬಿಗಿಯಾಗಿ ಗದ್ದ ಕೆಳಗಿಳಿಯದೆ ಹೋದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು. ಮೆದುಳನ್ನು ಸುತ್ತಿರುವ ಪೊರೆಗೆ ಸೋಂಕು ತಗಲುವ ಮೆನಿಂಜೈಟಿಸ್ ಎಂಬ ಕಾಯಿಲೆಯ ಗುರುತುಗಳಲ್ಲಿ ಅದೂ ಒಂದು. ವಾರವಿಡೀ ಅಡುಗೆ ಮಾಡುವ ಮಾಬೂಬಿ, ರಜೆ ಸಿಗುವ ಐತವಾರಗಳಲ್ಲಿ ಹಾನಗಲ್, ಸವಣೂರು, ಹಿರೇಕೆರೂರು ಕಡೆಯ ಹಾಸ್ಟೆಲುಗಳಿಗೆ ಹೋಗಿ ಹದಿಹರೆಯದ ಹುಡುಗ ಹುಡುಗಿಯರ ಮುಂದೆ ನಿಂತು ಇದನ್ನು ಹೇಳುತ್ತಾರೆ. ಇದನ್ನು ತಡೆಯುವ ಲಸಿಕೆಯೂ ಇದೆ ಎಂದು ಹೇಳುತ್ತಾರೆ. ಯಾರೂ ಅವರನ್ನು ಆ ಕೆಲಸಕ್ಕೆ ನೇಮಿಸಿಲ್ಲ.

"ನಾ ಏನ್ ಡಾಕ್ಟರ್ ಅಲ್ರಿ," ಎನ್ನುತ್ತಾರೆ ಅವರು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ಓದಿದ್ದು ನಾಕನೇತ್ತೆ. ಆದ್ರ ಇದೊಂದು ಜಡ್ಡು ನಮ್ಮ ಮನಿಗೆ ಬಂದು ಹೋಗೈತಿ. ಅದರ ಮಾರಿ ನನಗ ಗೊತ್ತೈತಿ."

ಮಾಬೂಬಿ ಹುಟ್ಟಿದ್ದು ಸವಣೂರಿನಲ್ಲಿ, ವೀಳ್ಯದೆಲೆ ವ್ಯಾಪಾರದ ಮನೆಯಲ್ಲಿ. ಮದುವೆಯಾಗಿ ಬಂದದ್ದು ಬಂಕಾಪುರಕ್ಕೆ. ಗಂಡ ಖಾದರಸಾಬ ಹತ್ತಿ ಹಿಂಜಿ ಗಾದಿ ತುಂಬುವ ಕಸುಬಿನವರು. ಇಬ್ಬರು ಮಕ್ಕಳು: ದೊಡ್ಡವ ಅತೀಕ, ಚಿಕ್ಕವಳು ಅಫ್ಸಾನಾ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದಾಗ ಅತೀಕ ತಾನು ವಿಜ್ಞಾನವನ್ನೇ ಓದುತ್ತೇನೆಂದು ಹಟ ಹಿಡಿದ. ದೂರದ ಊರಿನ ಕಾಲೇಜು, ಅಲ್ಲಿಯೇ ಹಾಸ್ಟೆಲು. ಖಾದರಸಾಬ ಹೊಸ ಹತ್ತಿ ತರಿಸಿ, ಮಗನಿಗೆಂದು ತಾವೇ ಗಾದಿ ತುಂಬಿ ಹೊಲಿದು ಬಸ್ಸಿನ ಮೇಲೆ ಕಟ್ಟಿ ಕಳಿಸಿದರು.

ಆಗ ಹುಡುಗ ಬೆಳೆಯುತ್ತಿದ್ದ ವೇಗಕ್ಕೆ ಪ್ಯಾಂಟುಗಳೇ ಸಾಲುತ್ತಿರಲಿಲ್ಲ. ಊರಿಗೆ ಬಂದಾಗಲೆಲ್ಲ ಮಾಬೂಬಿ ಮಡಿಕೆ ಬಿಚ್ಚಿ ಉದ್ದ ಮಾಡಿ ಕೊಡುತ್ತಿದ್ದರು. ಕೊನೆಯ ಸಲ ಬಂದಾಗ ಬಿಚ್ಚಲು ಮಡಿಕೆಯೇ ಉಳಿದಿರಲಿಲ್ಲ. "ಮುಂದಿನ ಸಲ ಹೊಸಾದ ಹೊಲಸೂಣು" ಎಂದು ಕಳಿಸಿದ್ದರು.

ಒಂದು ಸಂಜೆ ಅವನಿಗೆ ಜ್ವರ ಬಂತು. ಗೆಳೆಯರು ಗುಳಿಗೆ ಕೊಟ್ಟರು, ಹಣೆಗೆ ಬಾಮು ತಿಕ್ಕಿದರು. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದದ್ದಕ್ಕೆ ದೀಪ ಆರಿಸಿ, ಚಾದರ ಹೊದಿಸಿ ಮಲಗಿಸಿದರು. ಎಳೆಯ ಹುಡುಗರು, ತಮಗೆ ತಿಳಿದಷ್ಟನ್ನು ಪ್ರೀತಿಯಿಂದ ಮಾಡಿದರು. ಬೆಳಿಗ್ಗೆ ಎಬ್ಬಿಸಲು ಹೋದರೆ ಅತೀಕ ಅಸಂಬದ್ಧ ಮಾತಾಡುತ್ತಿದ್ದ. ಆಸ್ಪತ್ರೆಗೆ ಒಯ್ದು ಮನೆಗೆ ಫೋನ್ ಮಾಡಿದರು. ತಂದೆತಾಯಿ ಮುಟ್ಟುವ ಹೊತ್ತಿಗೆ ಅವನಿಗೆ ಗುರುತು ಸಿಗುತ್ತಿರಲಿಲ್ಲ. ಮರುದಿನ ಹೋಗಿಬಿಟ್ಟ.

ವೈದ್ಯರು ಖಾದರಸಾಬರನ್ನು ಪಕ್ಕಕ್ಕೆ ಕರೆದು ಕಾಯಿಲೆಯ ಹೆಸರು ಹೇಳಿದರು. ಮಾಬೂಬಿಯವರ ಕಿವಿಗೆ ಬಿದ್ದದ್ದು 'ಮೆದುಳು' ಎಂಬ ಒಂದೇ ಮಾತು. ಮಣ್ಣಿಗೆ ಬಂದ ಮಂದಿ ತಮಗೆ ತೋಚಿದ ಕಾರಣ ಹೇಳಿ ಹೋದರು. ಕಣ್ಣುದೃಷ್ಟಿ ಎಂದರು, ತಣ್ಣೀರ ಸ್ನಾನ ಎಂದರು, ಓದಿ ಓದಿ ಮೆದುಳು ಕಾದಿತು ಎಂದರು. ಕೊನೆಯದು ತಾಯಿಯ ಮನಸ್ಸಿನಲ್ಲಿ ಕೂತುಬಿಟ್ಟಿತು.

"ನಮ್ಮ ಅಫ್ಸಾನಾ ಸಣ್ಣಾಕಿ ಆವಾಗ. ಪುಸ್ತಕ ಹಿಡಕೊಂಡು ಕುಂತ್ಲಂದ್ರ ಕಸಗೊಂಡು ಹಿಟ್ಟಿನ ಡಬ್ಬಿ ಹಿಂದ ಮುಚ್ಚಿಡ್ತಿದ್ದೆ. ಆಟ ಆಡ್ ಹೋಗ ಅಂತಿದ್ದೆ. ಆಕಿ ಅಳಾಕಿ. ನನಗೇನ್ ಗೊತ್ತ್ರಿ? ಓದಿದ್ರ ಸಾಯ್ತಾರ ಅಂತ ತಿಳಕೊಂಡಿದ್ದೆ."

ಹಾಸ್ಟೆಲಿನಿಂದ ಗಾದಿ ವಾಪಸು ಬಂದಿತ್ತು. ಖಾದರಸಾಬ ಅದನ್ನು ಬಿಚ್ಚಿ ಹತ್ತಿಯನ್ನು ಮತ್ತೆ ಹಿಂಜಿದರು. ಆದರೆ ಅದನ್ನು ಇನ್ನೊಬ್ಬರ ಗಾದಿಗೆ ತುಂಬಲು ಅವರಿಂದ ಆಗಲಿಲ್ಲ. ಮಗನ ಹೆಸರೂ ಅವರ ಬಾಯಿಂದ ಬರುವುದು ನಿಂತಿತು. ಆ ಮನೆಯಲ್ಲಿ ವರ್ಷಗಟ್ಟಲೆ ಯಾರೂ ಅತೀಕ ಎನ್ನಲಿಲ್ಲ.

ಆ ಕಾಯಿಲೆಯ ಸುದ್ದಿ ತಿಳಿದದ್ದು ತೀರ ಬೇರೆ ಕಡೆ. ಮಾಬೂಬಿಯವರ ಅಣ್ಣ ಗೌಸಸಾಬರು ಹೆಂಡತಿಯೊಂದಿಗೆ ಹಜ್‌ಗೆ ಹೊರಟಿದ್ದರು. ಯಾತ್ರಿಕರಿಗೆ ಲಸಿಕೆ ಹಾಕುವ ಶಿಬಿರ ಸವಣೂರಿನ ಶಾದಿಮಹಲಿನಲ್ಲಿತ್ತು. ಅಣ್ಣ ಅತ್ತಿಗೆಯ ಜೊತೆ ಮಾಬೂಬಿಯೂ ಹೋದರು. ಅಲ್ಲಿ ಹಬ್ಬದ ಕಳೆ. ವಯಸ್ಸಾದವರೆಲ್ಲ ಬಿಳಿ ಬಟ್ಟೆ ತೊಟ್ಟು, ಒಬ್ಬರನ್ನೊಬ್ಬರು ಅಪ್ಪಿಕೊಂಡು ದುವಾ ಕೇಳುತ್ತಿದ್ದರು. ಮೇಜಿನ ಹಿಂದೆ ನರ್ಸ್ ಪದ್ಮಜಾ ಕೂತಿದ್ದರು. ಸವಣೂರಿನದೇ ಹಳೆಯ ವೈಷ್ಣವ ಮನೆತನದ ಮಗಳು, ತಾಲ್ಲೂಕಿನ ತಾಯಂದಿರಿಗೆಲ್ಲ ಪರಿಚಿತೆ.

ಗೌಸಸಾಬರು ಅಂಗಿಯ ತೋಳು ಮಡಚುತ್ತ ಕೇಳಿದರು, "ಇದ್ಯಾತರ ಸೂಜಿ ಸಿಸ್ಟರ್?"

"ಮೆನಿಂಜೈಟಿಸ್ ಅಂತರಿ ಚಾಚಾ. ಮೆದುಳಿನ ಮ್ಯಾಲಿನ ಪೊರಿಗೆ ಹತ್ತೋ ಜಡ್ಡು. ಜ್ವರ ಬರ್ತೈತಿ, ತಲಿ ಸಿಡೀತೈತಿ, ಕುತ್ತಿಗಿ ಬಿಗೀತೈತಿ, ಬೆಳಕ ಕಂಡ್ರ ಆಗಂಗಿಲ್ಲ. ಅಲ್ಲೆ ನೀವು ಭಾಳ ಮಂದಿ ಒಂದ ಕಡೆ ಇರ್ತೀರಿ, ಒಂದ ಕಡೆ ಮಲಗ್ತೀರಿ. ಅಂಥಲ್ಲೆ ಇದು ಲಗೂನ ಹಬ್ಬತೈತಿ. ಅದಕ್ಕ ಹಾಕ್ತೇವಿ."

ಮಾಬೂಬಿ ಅಣ್ಣನ ಹಿಂದೆಯೇ ನಿಂತಿದ್ದರು. ಬೆಳಕು ಚುಚ್ಚುತ್ತದೆ ಎಂದು ಮಗ ದೀಪ ಆರಿಸಲು ಹೇಳಿದ್ದನ್ನು ಅವನ ಗೆಳೆಯರು ಮಣ್ಣಿನ ದಿನ ಅಳುತ್ತ ಹೇಳಿದ್ದರು. ಅದು ಆ ಹೊತ್ತಿಗೆ ನೆನಪಾಯಿತು.

"ಹಾಸ್ಟೆಲ್‌ನ್ಯಾಗೂ ಭಾಳ ಮಂದಿ ಒಂದ ಕಡೆ ಮಲಗ್ತಾರಲ್ರಿ?" ಎಂದರು.

ಪದ್ಮಜಾ ತಲೆಯೆತ್ತಿ ನೋಡಿದರು. ಕೇಳಿದವಳ ಮುಖ ಕಂಡು ಅವರ ಕೈ ಸೂಜಿಯ ಜೊತೆ ಅಲ್ಲಿಯೇ ನಿಂತಿತು. "ಹೌದ್ರಿ," ಎಂದರು.

ಶಿಬಿರ ಮುಗಿಯುವವರೆಗೂ ಮಾಬೂಬಿ ಗೋಡೆಗೆ ಆತು ಕಾದರು. ಎಲ್ಲರೂ ಹೋದ ಮೇಲೆ ಮಗನ ಸಂಗತಿ ಹೇಳಿ ಒಂದೇ ಪ್ರಶ್ನೆ ಕೇಳಿದರು. ಈ ಸೂಜಿ ಹಾಕಿಸಿದ್ದರೆ ಉಳಿಯುತ್ತಿದ್ದನೆ? ಪದ್ಮಜಾ ಸಮಾಧಾನಕ್ಕಾಗಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಉಳೀತಿದ್ದ ಅಂತ ಹೇಳಾಕ ನನಗ ಬರಂಗಿಲ್ರಿ. ಈ ಜಡ್ಡಿನ್ಯಾಗ ಬ್ಯಾರೆ ಬ್ಯಾರೆ ಥರ ಅದಾವ. ಒಂದ ಸೂಜಿ ಎಲ್ಲಾದಕ್ಕೂ ಆಗಂಗಿಲ್ಲ. ಆದ್ರ ಇಂಥಾದೊಂದು ಐತಿ ಅಂತ ನಿಮಗ ಯಾರರ ಹೇಳಬೇಕಿತ್ತು."

ಆ ಕೊನೆಯ ಮಾತು ಮಾಬೂಬಿಯವರನ್ನು ಹಿಡಿದುಬಿಟ್ಟಿತು. ಅವತ್ತು ಮನೆಗೆ ಬಂದವರೇ ಹಿಟ್ಟಿನ ಡಬ್ಬಿಯ ಹಿಂದಿನ ಪುಸ್ತಕಗಳನ್ನೆಲ್ಲ ತೆಗೆದು ಅಫ್ಸಾನಾಳ ಮುಂದಿಟ್ಟರು. ಅವಳು ಹಾಸ್ಟೆಲಿಗೆ ಹೋಗುವ ಮೊದಲು ಪದ್ಮಜಾ ತೋರಿಸಿದ ವೈದ್ಯರನ್ನು ಕಂಡು ಲಸಿಕೆ ಹಾಕಿಸಿದರು. ಅಫ್ಸಾನಾ ಈಗ ಬಿ.ಎಡ್. ಓದುತ್ತಿದ್ದಾಳೆ. ಅಲ್ಲಿಯವರೆಗೆ ಮನೆಯಲ್ಲಿಯೇ ರೊಟ್ಟಿ ಬಡಿದು ಮಾರುತ್ತಿದ್ದ ಮಾಬೂಬಿ, ಶಿಗ್ಗಾವಿಯ ಹಾಸ್ಟೆಲಿಗೆ ಅಡುಗೆಯವರು ಬೇಕೆಂದು ಕೇಳಿದ್ದೇ ಹೋಗಿ ಸೇರಿಕೊಂಡರು. "ಆ ವಯಸ್ಸಿನ ಮಕ್ಕಳು ಮುಂಜಾನೆ ಎದ್ದು ಬಂದು ನನ್ನ ಮುಂದ ತಾಟ ಹಿಡೀಲಿ ಅನಿಸ್ತು. ಅಷ್ಟ."

ನೇತ್ರಾ ಎಂಬ ಹುಡುಗಿ ಆ ಸಾಲಿನಲ್ಲಿ ಇರದೇ ಹೋದದ್ದು ಮಾಬೂಬಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಿಂದ ಪಿಯುಸಿ ಓದಲು ಬಂದವಳು, ಮೆತ್ತನೆಯ ಮಾತಿನವಳು. ಅವಳ ಕೋಣೆಯ ಸುಹಾನಾ ತಾಟು ಹಿಡಿದು ಬಂದಾಗ ಮಾಬೂಬಿ ಕೇಳಿದರು, "ನೇತ್ರಾ ಎಲ್ಲಿ?"

"ಜ್ವರ ಅಂತ. ಮಲಗ್ಯಾಳ. ಕಿಡಕಿ ಮುಚ್ಚು, ಬೆಳಕ ಚುಚ್ಚತೈತಿ ಅಂದ್ಲು."

ಸೌಟು ಕೈಯಿಂದ ಬಿತ್ತು. ಮೆಟ್ಟಿಲೇರಿ ಹೋಗಿ ನೋಡಿದರೆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ನರಳುತ್ತಿದ್ದಾಳೆ. ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಗದ್ದ ಎದೆಗೆ ಹಚ್ಚು ಎಂದರು. ಕುತ್ತಿಗೆ ಮರದ ಕೊರಡಿನ ಹಾಗೆ ನಿಂತಿತ್ತು. ತೋಳಿನ ಮೇಲೆ ಕಂದುನೇರಳೆ ಚುಕ್ಕೆಗಳೆದ್ದಿದ್ದವು.

ವಾರ್ಡನ್ ಊರಿಗೆ ಹೋಗಿದ್ದರು, ಅವರ ಫೋನು ಹತ್ತಲಿಲ್ಲ. ಕಚೇರಿಯ ಗುಮಾಸ್ತೆ ಹೆದರಿಕೊಂಡಿದ್ದಳು. "ಮೇಡಂ ಬರೂ ತನಕ ತಡೀರಿ ಮಾಬವ್ವ. ಕೇಳಲಾರ್ದ ಹುಡುಗ್ಯಾರನ್ನ ಹೊರಗ ಬಿಡಬ್ಯಾಡ ಅಂದಾರ."

"ಬೈಸ್ಕೊಳ್ಳಾಕ ನಾ ಅದೇನಿ. ನೀ ಬಾಗಲಾ ತಗಿ."

ಗೇಟಿನಲ್ಲಿ ಹಾಲಿನ ಟೆಂಪೊ ನಿಂತಿತ್ತು. ಚಾಲಕ ಕ್ಯಾನುಗಳನ್ನು ರಸ್ತೆಯ ಬದಿಗೆ ಇಳಿಸಿದ. ಮಾಬೂಬಿ ನೇತ್ರಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣಿಗೆ ಬಿಸಿಲು ಬೀಳದಂತೆ ಸೆರಗು ಹಿಡಿದು ಕೂತರು. ತಾಲ್ಲೂಕು ಆಸ್ಪತ್ರೆಯ ವೈದ್ಯರು ನೋಡಿದವರೇ ತಡಮಾಡದೆ ಮೊದಲ ಚುಚ್ಚುಮದ್ದು ಕೊಟ್ಟು ಆಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ದಾರಿಯುದ್ದಕ್ಕೂ ಮಾಬೂಬಿ ಒಂದೇ ಸಮನೆ ಮಾತಾಡುತ್ತಿದ್ದರಂತೆ. ನಾಳೆ ಏನು ಅಡುಗೆ ಮಾಡಲಿ, ಪುಂಡಿಪಲ್ಯ ಮಾಡಲಾ, ಜುಣಕ ಮಾಡಲಾ ಎಂದು. ನೇತ್ರಾಗೆ ಅದು ಬಾವಿಯ ತಳದಿಂದ ಕೇಳಿದ ಹಾಗೆ ಇಂದಿಗೂ ನೆನಪಿದೆ.

ಹುಡುಗಿ ಉಳಿದಳು. ಎಡಗಿವಿ ಮಾತ್ರ ಕೇಳಿಸದಾಯಿತು.

ಹಾಸ್ಟೆಲಿನ ಗತಿ ಮಾತ್ರ ಕೆಟ್ಟಿತು. ಆರೋಗ್ಯ ಇಲಾಖೆಯವರು ಬಂದು ಅವಳ ಕೋಣೆಯವರಿಗೆಲ್ಲ ಸೋಂಕು ತಗಲದಂತೆ ಗುಳಿಗೆ ಕೊಟ್ಟರು. ಅದನ್ನು ಕಂಡು ಹೆದರಿದ ಪಾಲಕರು ಮಕ್ಕಳನ್ನು ಕರೆದೊಯ್ಯಲು ಬಂದು ಅಂಗಳದಲ್ಲಿ ಗುಂಪುಗೂಡಿದರು. ನೀರು ಸರಿಯಿಲ್ಲ ಎಂದು ಒಬ್ಬರು, ಅಡುಗೆಯಲ್ಲಿ ಏನೋ ಬಿದ್ದಿದೆ ಎಂದು ಇನ್ನೊಬ್ಬರು. ಅಡುಗೆಯವಳನ್ನು ಬಿಡಿಸಿ ಎಂಬ ಕೂಗೂ ಎದ್ದಿತು. ಮಾಬೂಬಿ ಒಳಗೆ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಸಂಜೆಗೆ ತಮ್ಮ ಚೀಲ ತೆಗೆದುಕೊಂಡು ಹೋಗುವುದೆಂದು ಮನಸ್ಸಿನಲ್ಲಿಯೇ ತೀರ್ಮಾನಿಸಿದ್ದರು.

ಆಗ ನೇತ್ರಾಳ ಅಪ್ಪ ಶಿವಯೋಗಿ ಹುಬ್ಬಳ್ಳಿಯಿಂದ ನೇರ ಅಲ್ಲಿಗೆ ಬಂದರು. ನಿದ್ದೆಯಿಲ್ಲದ ಕೆಂಪು ಕಣ್ಣು, ಮುದ್ದೆಯಾದ ಅಂಗಿ. ಯಾರ ಜೊತೆಯೂ ಮಾತಾಡದೆ ಅಡುಗೆಮನೆಯ ಬಾಗಿಲಿಗೆ ಹೋಗಿ ಕೇಳಿದರು, "ಅವ್ವಾರ, ಊಟಕ್ಕೇನೈತ್ರಿ?"

ಮಾಬೂಬಿ ರೊಟ್ಟಿ, ಪುಂಡಿಪಲ್ಯ ಹಾಕಿ ಕೊಟ್ಟರು. ಶಿವಯೋಗಿ ತಾಟು ಹಿಡಿದು ಅಂಗಳದ ನಡುವೆ, ಎಲ್ಲರ ಎದುರಿಗೆ ಕೂತು, ಅವಸರವಿಲ್ಲದೆ ಉಂಡರು. ಕೈ ತೊಳೆದು ಎದ್ದು ನಿಂತರು. "ನನ್ನ ಮಗಳು ಜೀವಂತ ಅದಾಳ. ಈ ಅವ್ವಾರು ಹೊತ್ತಕೊಂಡು ಹೋಗಿದ್ದಕ್ಕ ಅದಾಳ. ಅಡಗಿಯಿಂದ ಬರೋ ಜಡ್ಡಲ್ಲಂತ ಇದು, ಡಾಕ್ಟರ್ ಹೇಳ್ಯಾರ." ಆಮೇಲೆ ಮಾಬೂಬಿಯವರ ಕಡೆ ತಿರುಗಿದರು. "ಅವ್ವಾರ, ನಿಮಗ ಹೆಂಗ ಗೊತ್ತಾತ್ರಿ? ಇವರಿಗೂ ಒಂದಿಷ್ಟು ಹೇಳ್ರಿ."

ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾಬೂಬಿ ಹೇಳಿದರು. ಮೊದಲ ಸಲ, ಹೊರಗಿನವರ ಮುಂದೆ, ಮಗನ ಕತೆ. ಅವತ್ತು ಕೆಲವರು ಮಕ್ಕಳನ್ನು ಕರೆದುಕೊಂಡೇ ಹೋದರು. ಹೆಚ್ಚಿನವರು ಹಾಸ್ಟೆಲಿನಲ್ಲಿಯೇ ಬಿಟ್ಟು ಹೋದರು.

ಮಾಬೂಬಿ ಮಗನ ಕತೆ ಹೇಳಿದ ಸುದ್ದಿ ಬಂಕಾಪುರಕ್ಕೆ ಅವರಿಗಿಂತ ಮೊದಲೇ ಮುಟ್ಟಿತ್ತು. ಖಾದರಸಾಬ ಅವತ್ತು ಊಟ ಮಾಡಲಿಲ್ಲ. ಕೆಲವು ದಿನಗಳ ನಂತರ ಪದ್ಮಜಾ ಮನೆಗೆ ಬಂದು, ಹಾನಗಲ್ಲಿನ ಒಂದು ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಲಸಿಕೆಯ ವಿಷಯ ಹೇಳಲು ಮಾಬೂಬಿಯೂ ಬರಬೇಕೆಂದು ಕೇಳಿದಾಗ ಖಾದರಸಾಬರ ಸಿಟ್ಟು ಹೊರಬಿತ್ತು. "ಸತ್ತ ಮಗನ್ನ ಹೆಗಲ ಮ್ಯಾಲೆ ಹೊತ್ಕೊಂಡು ಸಾಲಿ ಸಾಲಿಗೆ ತಿರಗ್ತೀ ಏನು? ಅವನ ಹೆಸರು ಕಂಡಕಂಡವರ ಬಾಯಾಗ ಬೀಳಬೇಕೇನು?"

ಮಾಬೂಬಿ ಎದುರಾಡಲಿಲ್ಲ. "ಹೆಸರ ತಗ್ಯಂಗಿಲ್ಲ," ಎಂದರು. "ಜಡ್ಡಿನ ಸುದ್ದಿ ಅಷ್ಟ ಹೇಳ್ತೇನಿ." ಆ ಮಾತು ಕೊಟ್ಟು ಹೊರಟರು.

ಹಾನಗಲ್ಲಿನ ಆ ಮೊದಲ ದಿನ ಎಲ್ಲ ಕೆಟ್ಟುಹೋಯಿತು. ಮೆನಿಂಜೈಟಿಸ್ ಎನ್ನುವಾಗ ನಾಲಿಗೆ ತೊಡರಿತು, ಹಿಂದಿನ ಬೆಂಚಿನವರು ನಕ್ಕರು. ಹಾಸ್ಟೆಲಿನ ಮಾತು ಬಂದಾಗ ಅವರಿಗೆ ಅಳು ತಡೆಯಲಾಗಲಿಲ್ಲ. ಮಕ್ಕಳು ಮುಜುಗರದಿಂದ ನೆಲ ನೋಡಿದರು. ಲಸಿಕೆಯ ಬಗ್ಗೆ ಒಬ್ಬರೂ ಏನೂ ಕೇಳಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಪದ್ಮಜಾ ಅವರ ಕೈ ಹಿಡಿದುಕೊಂಡು ಹೇಳಿದರು, "ಅವ್ವಾರ, ನೀವು ಅತ್ರ ಅವರು ನಿಮ್ಮನ್ನ ನೆನಪಿಟ್ಕೊಂತಾರ, ಜಡ್ಡನ್ನ ನೆನಪಿಡಂಗಿಲ್ಲ. ನಮಗ ಬೇಕಾಗಿದ್ದು ಅವರು ಜಡ್ಡನ್ನ ನೆನಪಿಡೋದು."

ಈಗ ಮಾಬೂಬಿ ಮಾತಾಡುವುದನ್ನು ಕೇಳಬೇಕು. ಅವರು ವೇದಿಕೆ ಹತ್ತುವುದಿಲ್ಲ. ಹುಡುಗರ ನಡುವೆಯೇ ಕೂರುತ್ತಾರೆ. ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡ ಒಬ್ಬನನ್ನು ಹುಡುಕಿ ಹತ್ತಿರ ಕರೆಯುತ್ತಾರೆ.

"ಏನಪಾ ಇದು?"

"'ಅವ್ವ' ಅಂತ ಬರಸೇನಿ."

"ಬರಸಬೇಕಾದ್ರ ನೋಯಲಿಲ್ಲ?"

"ಭಾಳ ನೋಯ್ತು. ಒಂದ್ ತಾಸು ಚುಚ್ಚಿದ್ರು."

"ಅವ್ವನ ಹೆಸರಿಗೆ ಒಂದ್ ತಾಸು ಚುಚ್ಚಿಸ್ಕೊಂಡಿ. ಅದ ಅವ್ವನ ಸಲುವಾಗಿ ಒಂದ್ ಸೂಜಿ ತಗೋಳಾಕ ಅಂಜತೀ?"

ಕೋಣೆ ನಗುವಿನಿಂದ ತುಂಬುತ್ತದೆ. ಕಿವಿಗಳು ತೆರೆದುಕೊಂಡ ಆ ಗಳಿಗೆಯಲ್ಲಿ ಅವರು ವಿಷಯಕ್ಕೆ ಬರುತ್ತಾರೆ. ಒಂದೇ ಬಾಟಲಿಯ ನೀರು ಎಲ್ಲರೂ ಬಾಯಿ ಹಚ್ಚಿ ಕುಡಿಯಬೇಡಿ. ಮೈಮೇಲೆ ಚುಕ್ಕೆ ಎದ್ದರೆ ಗಾಜಿನ ಲೋಟ ಒತ್ತಿ ನೋಡಿ, ಮಾಯವಾಗದಿದ್ದರೆ ಓಡಿ. ಚುಕ್ಕೆ ಏಳಲಿ ಎಂದು ಕಾಯಲೂ ಬೇಡಿ. ನಾಳೆ ಪರೀಕ್ಷೆ, ನಾಡಿದ್ದು ಮ್ಯಾಚು ಎಂದು ಜ್ವರ ಮುಚ್ಚಿಡಬೇಡಿ. ಗೆಳೆಯ ಬೆಳಕು ಬೇಡ ಎಂದರೆ ದೀಪ ಆರಿಸಿ ಮಲಗಿಸಬೇಡಿ, ದೊಡ್ಡವರನ್ನು ಎಬ್ಬಿಸಿ. ಆಮೇಲೆ ಲಸಿಕೆ. ಸರ್ಕಾರ ಶಾಲೆಯಲ್ಲಿ ಹಾಕುವ ಉಚಿತ ಲಸಿಕೆಗಳಲ್ಲಿ ಇದು ಸೇರಿಲ್ಲ. ಹಾಸ್ಟೆಲಿಗೆ ಹೋಗುವ ಮೊದಲು ಮನೆಯವರ ಜೊತೆ ವೈದ್ಯರ ಹತ್ತಿರ ಹೋಗಿ, ನಮಗೆ ಬೇಕೆ ಎಂದು ಬಾಯಿಬಿಟ್ಟು ಕೇಳಿ ಎನ್ನುತ್ತಾರೆ. ಅದರಾಚೆಗಿನ ಪ್ರಶ್ನೆ ಬಂದರೆ ಸಂಕೋಚವಿಲ್ಲ. "ಅದು ನನಗ ತಿಳ್ಯಂಗಿಲ್ಲಪಾ. ಪದ್ಮಜಾ ಸಿಸ್ಟರ್‌ನ ಕೇಳು."

ಎಲ್ಲರೂ ಕೇಳುತ್ತಾರೆ ಎಂದೇನಿಲ್ಲ. ಕೆಲವು ಹಾಸ್ಟೆಲಿನವರು, ನೀವು ಬಂದು ಹೋದರೆ ಪಾಲಕರು ಹೆದರುತ್ತಾರೆ ಎಂದು ಗೇಟಿನಿಂದಲೇ ಕಳಿಸಿದ್ದಾರೆ. ಮಾಬೂಬಿ ಬೇಸರ ಮಾಡಿಕೊಳ್ಳುವುದಿಲ್ಲ. ಹೊರಗೆ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಚೀಲ ಹೊತ್ತ ಹುಡುಗರು ಸಿಕ್ಕರೆ ಅಲ್ಲಿಯೇ ಶುರು ಮಾಡುತ್ತಾರೆ. ಅವರ ಆಸೆಯೂ ದೊಡ್ಡದಲ್ಲ. "ಹತ್ತು ವರ್ಷಕ್ಕ ಒಂದು, ಹದಿನಾರಕ್ಕ ಒಂದು ಧನುರ್ವಾಯು ಸೂಜಿ ಸಾಲ್ಯಾಗ ಹಾಕ್ತಾರಲ್ರಿ? ಅದರ ಸಂಗಾಟ ಇದೂ ಬರಲಿ. ಅವತ್ತಿಗೆ ನನ್ನ ಕೆಲಸ ಮುಗೀತು. ಐತಾರ ಮನ್ಯಾಗ ಮಲಗ್ತೇನಿ."

ಕಳೆದ ಚಳಿಗಾಲದ ಒಂದು ಐತವಾರ ಹಿರೇಕೆರೂರಿನ ಹುಡುಗರ ಹಾಸ್ಟೆಲಿಗೆ ಹೋಗಬೇಕಿತ್ತು. ಬೆಳಗಿನ ಬಸ್ಸು ಬರಲೇ ಇಲ್ಲ. ಮಾಬೂಬಿ ಮನೆಗೆ ಹಿಂತಿರುಗಿ ಬಂದು ಚಪ್ಪಲಿ ಬಿಡುತ್ತಿದ್ದರು. ಖಾದರಸಾಬ ಬೈಕು ಹೊರಗೆ ತೆಗೆದರು. ಹಾನಗಲ್ಲಿನ ಮೇಲೆ ಹಾಯ್ದು ಇಬ್ಬರೂ ಹಿರೇಕೆರೂರು ಮುಟ್ಟಿದರು. ಹಾಸ್ಟೆಲಿನ ಮುಂದೆ ಹೆಂಡತಿಯನ್ನು ಇಳಿಸಿ, ತಾವು ಬೇವಿನ ಗಿಡದ ಕೆಳಗೆ ನಿಂತರು.

ಒಳಗೆ ಮಾತು, ನಗು ನಡೆದಿತ್ತು. ಎಷ್ಟೋ ಹೊತ್ತಿಗೆ ಖಾದರಸಾಬ ನೀರು ಕುಡಿಯಲೆಂದು ವರಾಂಡಕ್ಕೆ ಬಂದವರು ಬಾಗಿಲ ಹತ್ತಿರವೇ ನಿಂತರು. ಹೆಂಡತಿ ಹುಡುಗರ ನಡುವೆ ಹೇಗೆ ಕೂರುತ್ತಾಳೆ, ಹೇಗೆ ನಗಿಸುತ್ತಾಳೆ ಎಂಬುದನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ. ಕೋಣೆಯ ತುಂಬ ಮೀಸೆ ಚಿಗುರುತ್ತಿರುವ ಹುಡುಗರು. ಗೋಡೆಯುದ್ದಕ್ಕೂ ಸುತ್ತಿಟ್ಟ ಗಾದಿಗಳು.

"ಇದು ನಿಮಗ ಹೆಂಗ ಗೊತ್ತಾತ್ರಿ ಅವ್ವಾರ?" ಎಂದು ಮುಂದೆ ಕೂತಿದ್ದ ಆಕಾಶ ಎಂಬ ಹುಡುಗ ಕೇಳಿದ.

"ನನ್ನ ಮಗಗ ಬಂದಿತ್ತಪಾ. ತೀರಿಕೊಂಡ."

ಆಕಾಶ ಮೆಲ್ಲಗೆ ಕೇಳಿದ, "ಹೆಸರೇನಿತ್ರಿ ಅವಂದು?"

ಮಾಬೂಬಿ ಸೆರಗು ಸರಿಪಡಿಸಿಕೊಂಡರು. ಈ ಪ್ರಶ್ನೆ ಬಂದಾಗಲೆಲ್ಲ ಬೇರೆ ಮಾತಿಗೆ ಹೊರಳುವುದು ಅವರಿಗೆ ರೂಢಿಯಾಗಿತ್ತು. ಅವತ್ತೂ ಹಾಗೆಯೇ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನಿಂದ ದನಿ ಬಂತು.

"ಅತೀಕ."

ಎಲ್ಲರೂ ತಿರುಗಿ ನೋಡಿದರು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ, ಬಿಳಿ ಗಡ್ಡದ ಮನುಷ್ಯ. "ಅತೀಕ ಅಂತ ಅವನ ಹೆಸರ," ಎಂದರು ಖಾದರಸಾಬ. ಆಕಾಶನ ಕಡೆ ಕೈ ತೋರಿಸಿದರು. "ನಿನ್ನಷ್ಟ ಎತ್ತರ ಇದ್ದ."

ಆಕಾಶ ಎದ್ದು ಹೋಗಿ ಒಂದು ಕುರ್ಚಿ ತಂದು ಅವರಿಗೆ ಹಾಕಿದ. ಖಾದರಸಾಬ ಕೂತರು. ಹೆಂಡತಿಯ ಕಡೆ ನೋಡಿ, ಮುಂದುವರಿಸು ಎನ್ನುವ ಹಾಗೆ ತಲೆ ಆಡಿಸಿದರು. ಮಾಬೂಬಿ ಬಿಟ್ಟಲ್ಲಿಂದ ಮಾತು ಮುಂದುವರಿಸಿದರು. ಅವತ್ತು ಮಾತು ಮುಗಿದ ಮೇಲೆ ಹುಡುಗರು ಅವರಿಬ್ಬರನ್ನೂ ಗೇಟಿನವರೆಗೆ ಕಳಿಸಲು ಬಂದರು.

ಹಿಂತಿರುಗುವಾಗ ಚಿಕ್ಕೇರೂರಿನಲ್ಲಿ ಚಹಾಕ್ಕೆಂದು ಬೈಕು ನಿಲ್ಲಿಸಿದರು. ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಕುಡಿದರು. ಖಾದರಸಾಬ ಖಾಲಿ ಲೋಟವನ್ನು ಕೆಳಗಿಟ್ಟು, ರಸ್ತೆಯನ್ನೇ ನೋಡುತ್ತ ಕೇಳಿದರು.

"ಮುಂದಿನ ಐತಾರ ಯಾವೂರು?"

"ಆಡೂರು."

"ಹಂಗಾರ ಬಸ್ಸಿನ ದಾರಿ ಕಾಯಬ್ಯಾಡ," ಎಂದರು. "ನಸುಕಿನ್ಯಾಗ ಹೊಂಡೂಣು."